ಫಕ್ಕೀರಪ್ಪನ ಬೋರ್ಡು ಕರೆದ ಮಧ್ಯಾಹ್ನ

ನಾನು ಇಂಥವನ್ನೆಲ್ಲ ನಂಬುವವನಲ್ಲ. ಇಂಥ ಅನುಭವ ಹೇಳಲು ಹೊರಟವರೆಲ್ಲ ಈ ಮಾತಿನಿಂದಲೇ ಶುರು ಮಾಡುತ್ತಾರೆ ಎಂಬುದೂ ನನಗೆ ಗೊತ್ತಿದೆ. ಅವರು ಹೇಳುವಾಗ ಒಳಗೊಳಗೇ ನಕ್ಕವರಲ್ಲಿ ನಾನೂ ಒಬ್ಬ. ಈಗ ನೀವು ನಗುವ ಸರದಿ. ನಗಿ, ನನಗೇನೂ ಬೇಜಾರಿಲ್ಲ. ಆದರೆ ಪೂರ್ತಿ ಓದಿ ಆಮೇಲೆ ನಗಿ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಎಲೆಕ್ಟ್ರಾನಿಕ್ ತೂಕದ ಯಂತ್ರ ರಿಪೇರಿ ಮಾಡುವುದು ನನ್ನ ಕೆಲಸ. ಇಪ್ಪತ್ತು ವರ್ಷದ ಮೇಲಾಯಿತು. ಒಂದು ಸಲ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಖಾಲಿ ಯಂತ್ರ ತಾನಾಗಿಯೇ ಹನ್ನೆರಡು ಕಿಲೋ ತೋರಿಸುತ್ತಿತ್ತು. ಹಿಂದಿನ ವಾರ ತೀರಿಕೊಂಡ ಹಮಾಲನೊಬ್ಬ ಅದರ ಮೇಲೆ ಬಂದು ಕೂಡುತ್ತಾನೆ ಎಂದು ಉಳಿದ ಹಮಾಲರೆಲ್ಲ ದೂರ ನಿಂತಿದ್ದರು. ನಾನು ಬಿಚ್ಚಿ ನೋಡಿದರೆ ಒಳಗಿನ ಜೋಡಣೆಗೆ ಥಂಡಿ ಹಿಡಿದಿತ್ತು. ಬಿಸಿ ಗಾಳಿ ಹೊಡೆದೆ, ಸೊನ್ನೆಗೆ ಬಂತು. "ನಿಮ್ಮ ದೋಸ್ತ ಹ್ವಾದ ನೋಡ್ರಿ" ಎಂದು ಅವರನ್ನು ಚೇಷ್ಟೆ ಮಾಡಿದೆ. ಮೀಟರಿಗೆ ಸಿಗದ್ದು ಇಲ್ಲವೇ ಇಲ್ಲ ಎಂಬುದು ಆಗಿನ ನನ್ನ ಸಿದ್ಧಾಂತ. ಸಿದ್ಧಾಂತ ಅಂದರೆ ದೊಡ್ಡ ಮಾತಾಯಿತು, ಸೊಕ್ಕು ಎನ್ನಿ.

ಫಕ್ಕೀರಪ್ಪ ನನಗೆ ಸಿಕ್ಕಿದ್ದು ಹಾವೇರಿಯಲ್ಲಿ ಐಟಿಐ ಓದುವಾಗ. ನನಗಿಂತ ಎರಡು ವರ್ಷ ದೊಡ್ಡವನು. ಕಾಸಿ ಬೆಸುಗೆ ಹಾಕುವ ಸೋಲ್ಡರಿಂಗ್ ಎಂದರೆ ಅವನಿಗೆ ಆಗುತ್ತಿರಲಿಲ್ಲ. ಕೈ ಸುಟ್ಟುಕೊಂಡು ಬೈಯುತ್ತಿದ್ದ. ಆದರೆ ಕಿವಿ ಮಾತ್ರ ಎಂಥದ್ದು ಅಂತೀರಿ! ವರ್ಕ್‌ಶಾಪಿನ ಟ್ರಾನ್ಸ್‌ಫಾರ್ಮರು ಗುಂಯ್‌ಗುಡುವುದನ್ನು ಕೇಳಿ, ಇವತ್ತು ನಿನ್ನೆಗಿಂತ ಸ್ವಲ್ಪ ಇಳಿದಿದೆ ಎನ್ನುತ್ತಿದ್ದ. ಓದು ಮುಗಿದ ಮೇಲೆ ಆ ಕಸುಬಿಗೆ ಬರಲೇ ಇಲ್ಲ. ಮದುವೆ, ಜಾತ್ರೆಗಳ ರಸಮಂಜರಿ ತಂಡಗಳಲ್ಲಿ ಕೀಬೋರ್ಡ್ ನುಡಿಸಿಕೊಂಡು ರಾಣೆಬೆನ್ನೂರಿನಲ್ಲಿ ಸ್ಟೇಶನ್ ಹಿಂದೆ ಬಾಡಿಗೆ ಮನೆ ಮಾಡಿದ. ಹೆಂಡತಿ ಸುಜಾತಾ ಅಲ್ಲೇ ಒಂದು ಬೀಜದ ಕಂಪನಿಯಲ್ಲಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಾರೆ. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ. ಒಬ್ಬಳೇ ಮಗಳು, ಗಂಗಾ.

ಗಂಗಾ ಎನ್ನುವುದು ಶಾಲೆಯ ಹೆಸರು. ಫಕ್ಕೀರಪ್ಪನ ತಾಯಿ ಗಂಗವ್ವ. ಮೊಮ್ಮಗಳು ಹುಟ್ಟುವ ಮೊದಲೇ ಹೋದವರು. ನಮ್ಮ ಕಡೆ ಹೀಗೆ ಹಿರಿಯರ ಹೆಸರಿಟ್ಟರೆ ಮನೆಯವರು ಆ ಹೆಸರು ಹಿಡಿದು ಕರೆಯುವುದಿಲ್ಲ. ನಾಳೆ ಕೂಸಿಗೆ ಬೈಯಬೇಕಾಗುತ್ತದೆ. ತಾಯಿಯ ಹೆಸರು ಹಿಡಿದು ಬೈಯುವುದು ಹೇಗೆ? ಅತ್ತೆಯ ಹೆಸರೆಂದು ವೈನಿ 'ಪುಟ್ಟಿ' ಎನ್ನುತ್ತಿದ್ದರು. ಫಕ್ಕೀರಪ್ಪ ತನ್ನ ತಾಯಿಯನ್ನು ಕರೆಯುತ್ತಿದ್ದ ಹಾಗೇ ಮಗಳನ್ನೂ 'ಆಯಿ' ಎಂದು ಕರೆದ. ಸಂಜೆ ಓಣಿಯ ತುದಿಯಲ್ಲಿ ನಿಂತು 'ಆಯೀ' ಎಂದು ಕೂಗುತ್ತಿದ್ದ. 'ಆ' ಕೆಳಗೆ ಶುರುವಾಗಿ 'ಯೀ' ಮೇಲೆ ಹೋಗಿ, ಕೊನೆಗೆ ಉಸಿರು ಒಳಗೆ ಎಳೆದುಕೊಂಡ ಹಾಗೆ ಗಕ್ಕನೆ ನಿಲ್ಲುತ್ತಿತ್ತು. ಅವಳು ಆಟ ಬಿಡದೆ ಕುಳಿತಲ್ಲಿಂದಲೇ "ಬಂದೆ ಅಪ್ಪಾ" ಎನ್ನುತ್ತಿದ್ದಳು. ಬರುತ್ತಿದ್ದದ್ದು ಮಾತ್ರ ಮೂರು ಸಲ ಕರೆದ ಮೇಲೆ. ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವನು ಅವನೊಬ್ಬನೇ.

ಕೊರೋನಾ ಬಂದು ಕಾರ್ಯಕ್ರಮಗಳೆಲ್ಲ ನಿಂತಾಗ ಫಕ್ಕೀರಪ್ಪ ಹಗಲೆಲ್ಲ ಮೊಬೈಲು ನೋಡುತ್ತ ಕುಳಿತ. ಪರದೇಶದವರು ಮನೆಯಲ್ಲೇ ವಾಯರು ಸಿಕ್ಕಿಸಿ ಸಿಂಥಸೈಜರ್ ಮಾಡುವುದು ಅವನ ಕಣ್ಣಿಗೆ ಬಿತ್ತು. ಒಂದು ಸರ್ಕ್ಯೂಟು ಬರೀ ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ, ಮತ್ತೊಂದು ಏರಿಳಿಸುತ್ತದೆ. ಒಂದರಿಂದ ಒಂದಕ್ಕೆ ವಾಯರು. ಸೀದಾ ನನ್ನ ಹತ್ತಿರ ಬಂದ.

"ಲೇ ದೋಸ್ತ, ಇದರಾಗಿನ ಐಸಿ ನಿನ್ನ ತೂಕದ ಮಿಷನ್ನಿನಾಗೂ ಇರ್ತಾವಲ್ಲ?"

"ಇರ್ತಾವು. ಆದ್ರ ಅವು ಮೆಣಸಿನಕಾಯಿ ತೂಗ್ತಾವು, ಹಾಡಂಗಿಲ್ಲ."

"ನೀ ಕೊಡು, ಹಾಡಸೂದು ನನಗ ಬಿಡು."

ಹಾಗೆ ಶುರುವಾಯಿತು. ಭಾನುವಾರ ನಾನು ರಾಣೆಬೆನ್ನೂರಿಗೆ ಹೋಗುವುದು, ಇಬ್ಬರೂ ಬ್ರೆಡ್‌ಬೋರ್ಡ್ ಮುಂದೆ ಕೂಡುವುದು. ಬ್ರೆಡ್‌ಬೋರ್ಡ್ ಎಂದರೆ ಮೈತುಂಬ ಸಣ್ಣ ತೂತುಗಳಿರುವ ಬಿಳಿ ಪ್ಲಾಸ್ಟಿಕ್ ಹಲಗೆ. ಐಸಿ ಎಂಬ ಪುಟ್ಟ ಕಪ್ಪು ಚಿಪ್ಪಿನ ಕಾಲುಗಳನ್ನು, ವಾಯರುಗಳ ತುದಿಯನ್ನು ಅದರಲ್ಲಿ ಸಿಕ್ಕಿಸಿದರೆ ಸಾಕು, ಸೋಲ್ಡರ್ ಬೇಡ. ತಪ್ಪಾದರೆ ಕಿತ್ತು ಬೇರೆ ಕಡೆ ಸಿಕ್ಕಿಸಬಹುದು. ಎಲ್ಲ ಸರಿಯಾದ ಮೇಲೆ ಗಟ್ಟಿಯಾಗಿ ಸೋಲ್ಡರ್ ಮಾಡಿಡುವುದು ರೂಢಿ. ಫಕ್ಕೀರಪ್ಪ ಅದಕ್ಕೆ ಬಿಡುತ್ತಿರಲಿಲ್ಲ. ಕೇಳುತ್ತ ಕೇಳುತ್ತ ಒಂದೊಂದೇ ವಾಯರು ಸರಿಸುವುದು ಅವನ ಪದ್ಧತಿ. "ಇದಕ್ಕ ಇನ್ನೂ ಬಾಯಿ ಬಂದಿಲ್ಲ, ತಡಿ" ಎನ್ನುತ್ತಿದ್ದ. ನಾನು ಮೀಟರು ಹಿಡಿದು ಕೂಡುತ್ತಿದ್ದೆ, ಅವನು ಕಣ್ಣು ಮುಚ್ಚಿ ಕೂಡುತ್ತಿದ್ದ. ನನ್ನ ಬದುಕಿನಲ್ಲಿ ಅಷ್ಟು ಸುಖದ ಭಾನುವಾರಗಳು ಮತ್ತೆ ಬಂದಿಲ್ಲ.

ಮರುವರ್ಷ ಅವನ ಧ್ವನಿ ಒಡೆಯಿತು. ನೆಗಡಿ ಎಂದ. ನನ್ನ ಅಂಗಡಿಗೆ ಬಂದು ಬಂದು ಖಾರದ ಧೂಳಿಗೆ ಹೀಗಾಗಿದೆ ಎಂದು ನನಗೇ ಗಂಟು ಹಾಕಿದ. ಮೂರು ತಿಂಗಳಾದರೂ ಇಳಿಯದಿದ್ದಾಗ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಗಂಟಲ ಕ್ಯಾನ್ಸರ್. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು, ಆಮೇಲೆ ಮಾತು ಇರುವುದಿಲ್ಲ ಎಂದರು ಡಾಕ್ಟರು. ಮಾತು ಹೋದವರು ಕುತ್ತಿಗೆಗೆ ಒತ್ತಿಕೊಂಡು ಮಾತಾಡುವ ಒಂದು ಸಾಧನವನ್ನೂ ತೋರಿಸಿದರು. ಅಲ್ಲಿದ್ದ ರೋಗಿಯೊಬ್ಬರು ಪಾಪ, ಅದನ್ನು ಹಿಡಿದು ಗಂಗಾಳಿಗೆ "ಹೆಸರೇನು" ಎಂದು ಕೇಳಿದರು. ಅವಳು ಹೆದರಿ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿದಳು. ಫಕ್ಕೀರಪ್ಪ ಅದನ್ನು ನೋಡಿದ. ಬರುವಾಗ ರೈಲು ಬ್ಯಾಡಗಿ ದಾಟಿತು. ಆಮೇಲೆ ಒಡೆದ ಧ್ವನಿಯಲ್ಲೇ ಹೇಳಿದ: "ಅವರು ಗಂಟಲಾ ತಗೀತಾರ. ತಗೀಲಿ. ಗಂಟಲಾ ನಾವ ಮಾಡೂಣು. ಆಕೀನ್ನ ಕರಿಯೂವಷ್ಟು ಆದ್ರ ಸಾಕು."

ನಾನು, ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿಡು ಎಂದೆ. ಅವನು ತಲೆ ಅಲ್ಲಾಡಿಸಿದ. "ರೆಕಾರ್ಡಿಂಗ್ ಅಂದ್ರ ಅವತ್ತ ಕರದಿದ್ದು. ನಾ ಇವತ್ತ ಕರೀಬೇಕಲ್ಲ?" ಎಂದ. ನುಡಿಸುವವನ ಮಾತು. ನನಗೆ ಆಗ ಅರ್ಥವಾಗಲಿಲ್ಲ.

ಅವನು ಕೇಳಿದ್ದು ಅಸಾಧ್ಯವೇನಲ್ಲ. 'ಆಯೀ' ಎಂಬುದರಲ್ಲಿ ಉಸಿರು ತಡೆಯುವ ಗಟ್ಟಿ ವ್ಯಂಜನದ ರಗಳೆ ಇಲ್ಲ. 'ಆ' ಇಂದ 'ಈ'ಗೆ ಜಾರಿದರೆ ಮುಗಿಯಿತು. ಒಂದು ಸರ್ಕ್ಯೂಟು ಗಂಟಲಿನ ಹಾಗೆ ಒಂದೇ ಸ್ವರ ಹೊರಡಿಸಬೇಕು. ಅದರ ಮುಂದಿನ ಫಿಲ್ಟರು ಬಾಯಿಯ ಹಾಗೆ ಅದನ್ನು ತಿದ್ದಬೇಕು. ಒಂದು ಗುಂಡಿ ಒತ್ತಿದರೆ ಒಂದು ಕರೆ. ಕಾಗದದ ಮೇಲೆ ಇಷ್ಟೇ. ಬೋರ್ಡಿನ ಮೇಲೆ ಬಂದದ್ದು ಮಾತ್ರ ಆಡಿನ ದನಿ. "ಬ್ಯಾ" ಎಂದು ಕೂಗಿದಾಗ ಗಂಗಾ ಬಿದ್ದು ಬಿದ್ದು ನಕ್ಕಳು. ಫಕ್ಕೀರಪ್ಪನೂ ನಕ್ಕ. ಆಪರೇಷನ್ನಿಗೆ ಹೋಗುವ ದಿನದವರೆಗೂ ಅದು ಆಡಾಗಿಯೇ ಇತ್ತು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಬಾಗಿಲಲ್ಲಿ ನಿಂತು ತನ್ನ ಬಾಯಿಂದಲೇ ಒಮ್ಮೆ "ಆಯೀ" ಎಂದ. ಅವಳು ಎದುರಿಗೇ ನಿಂತಿದ್ದಳು. "ಇಲ್ಲೇ ಅದೀನಲ್ಲ ಅಪ್ಪಾ" ಎಂದಳು.

ಆಮೇಲೆ ಅವನು ಮಗಳ ಹಳೆಯ ಸ್ಲೇಟಿನ ಮೇಲೆ ಬರೆದು ಮಾತಾಡತೊಡಗಿದ. ಹಗಲೆಲ್ಲ ಬೋರ್ಡಿನ ಮುಂದೆ. ನಾನು ಹೋದಾಗ ಬೆರಳಿನಿಂದ ತೋರಿಸುತ್ತಿದ್ದ, ಇಲ್ಲಿ ಕಡಿಮೆ, ಇಲ್ಲಿ ಜಾಸ್ತಿ ಎಂದು. ಮಗಳು ಮನೆಯಲ್ಲಿದ್ದರೆ ಸ್ಪೀಕರು ಬಂದ್ ಮಾಡಿ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದ. ಇನ್ನೊಮ್ಮೆ ಅವಳು ಅದನ್ನು ಕೇಳಿ ನಗಬಾರದು, ಹೆದರಲೂಬಾರದು. ಕೇಳಿದರೆ ಅಪ್ಪ ಎಂದೇ ಅನ್ನಿಸಬೇಕು. ಅದಕ್ಕಾಗಿ ಎಂಟು ತಿಂಗಳು ಒದ್ದಾಡಿದ.

ಜನವರಿಯ ಕೊನೆಗೆ ಒಂದು ಬುಧವಾರ ಅವನ ಮೆಸೇಜು ಬಂತು: "ಬಾಯಿ ಬಂತು. ಬಾ. ನೀ ಹೂಂ ಅಂದ ಮ್ಯಾಲ ಆಕೀಗೆ ಕೇಳಸ್ತೇನಿ."

ನಾನು ಹೋಗಲಿಲ್ಲ. ಮಾರುಕಟ್ಟೆಯ ಭರ್ತಿ ಕಾಲ, ಮರುದಿನ ವಹಿವಾಟಿನ ಗುರುವಾರ, ಚೀಲಗಳು ರಸ್ತೆಯವರೆಗೆ ಬಂದಿರುತ್ತವೆ. ಒಂದು ಯಂತ್ರ ನಿಂತರೆ ಹತ್ತು ಜನ ಫೋನು ಮಾಡುತ್ತಾರೆ. ರವಿವಾರ ಬರುತ್ತೇನೆ ಎಂದು ಉತ್ತರಿಸಿದೆ. ಅವನು ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಕಳಿಸಿದ. ಬ್ಯಾಡಗಿಯಿಂದ ರಾಣೆಬೆನ್ನೂರು ಎಷ್ಟು ದೂರ? ರೈಲಿನಲ್ಲಿ ಕೂತು ಸೀಟು ಬಿಸಿಯಾಗುವಷ್ಟರಲ್ಲಿ ಬಂದುಬಿಡುತ್ತದೆ. ಶನಿವಾರ ಅವನಿಗೆ ಉಸಿರು ಸಿಗದಂತಾಗಿ ಹುಬ್ಬಳ್ಳಿಗೆ ಒಯ್ದರು. ರೋಗ ಶ್ವಾಸಕೋಶಕ್ಕೆ ಇಳಿದಿತ್ತು.

ಆಸ್ಪತ್ರೆಯಿಂದ ವೈನಿ ಫೋನು ಮಾಡಿ, ಮನೆಯಲ್ಲಿರುವ ಹಳೆಯ ರಿಪೋರ್ಟುಗಳನ್ನು ತರಲು ಹೇಳಿದರು. ಗಂಗಾ ಅತ್ತೆಯ ಮನೆಯಲ್ಲಿದ್ದಳು. ಪಕ್ಕದ ಮನೆಯಿಂದ ಕೀಲಿ ತೆಗೆದುಕೊಂಡು ಒಳಗೆ ಹೋದೆ. ಬೋರ್ಡು ಮೇಜಿನ ಮೇಲೆ ಟವೆಲು ಹೊದ್ದು ಮಲಗಿತ್ತು. ಸ್ವಿಚ್ ಹಾಕಿ ಕೇಳಬಹುದಿತ್ತು. ಅವನೇ ಕೇಳಿಸಲಿ ಎಂದು ಬಿಟ್ಟೆ. ಅಷ್ಟರಲ್ಲಿ ಬ್ಯಾಡಗಿಯ ವ್ಯಾಪಾರಿಯೊಬ್ಬರ ಫೋನು. ಅವರ ದೊಡ್ಡ ಯಂತ್ರ ಕೆಟ್ಟಿದೆ, ರೈತರು ಕಾಯುತ್ತಿದ್ದಾರೆ, ತೂಕ ನಿಂತಿದೆ. ಹಿಂದಿನ ವಾರವೂ ಅದೇ ಯಂತ್ರ ಕೆಟ್ಟಿತ್ತು. ಯಾವ ಐಸಿ ಸುಡುತ್ತದೆ ಎಂದು ಗೊತ್ತಿತ್ತು. ಹದಿನಾಲ್ಕು ಕಾಲಿನದು. ನನ್ನ ಹತ್ತಿರ ಮುಗಿದಿತ್ತು, ಹಾವೇರಿಯ ಅಂಗಡಿಯಲ್ಲೂ ಇರಲಿಲ್ಲ. ಕಣ್ಣೆದುರಿಗೆ, ಟವೆಲಿನ ಕೆಳಗೆ, ಅದೇ ಐಸಿ ಕುಳಿತಿತ್ತು.

ಸದ್ಯಕ್ಕಷ್ಟೇ ಎಂದುಕೊಂಡೆ. ನಾಲ್ಕು ದಿನದಲ್ಲಿ ಹೊಸದು ಬರುತ್ತದೆ, ಅವನು ಮನೆಗೆ ಬರುವಷ್ಟರಲ್ಲಿ ಸಿಕ್ಕಿಸಿದರಾಯಿತು. ಸೋಲ್ಡರ್ ಮಾಡಿದ್ದರೆ ಈ ಯೋಚನೆಯೇ ಬರುತ್ತಿರಲಿಲ್ಲ. ಬ್ರೆಡ್‌ಬೋರ್ಡಿನ ಮೇಲಿದ್ದದ್ದು ನಮ್ಮಂಥವರಿಗೆ ಡಬ್ಬಿಯಲ್ಲಿದ್ದ ಹಾಗೆ. ಬೇಕಾದಾಗ ಕಿತ್ತುಕೊಳ್ಳುವುದು ಅಭ್ಯಾಸ. ರೂಢಿಯಂತೆ ಮೊಬೈಲಿನಲ್ಲಿ ಫೋಟೊ ತೆಗೆದೆ, ಸ್ಕ್ರೂಡ್ರೈವರ್ ತುದಿಯಿಂದ ಐಸಿ ಎಬ್ಬಿಸಿದೆ. ಜೊತೆಗೆ ಮೂರು ವಾಯರೂ ಕಿತ್ತುಬಂದವು. ಆಮೇಲೆ ನೋಡೋಣ ಎಂದು ಟವೆಲು ಹೊದಿಸಿ ಹೊರಟೆ. ಅದು 'ಬಾಯಿ'ಯ ಐಸಿ. ಗಂಟಲಿನಿಂದ ಸ್ಪೀಕರಿಗೆ ಹೋಗಲು ಅದನ್ನು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಮುಂದಿನ ವಾರ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಗೆಂದರೆ ಏನೆಂದು ಎಲ್ಲರಿಗೂ ತಿಳಿಯುತ್ತದೆ. ಎರಡು ದಿನ ಮನೆಯಲ್ಲಿದ್ದ. ಎರಡೂ ದಿನ ಹೋಗಿ ಪಕ್ಕದಲ್ಲಿ ಕುಳಿತೆ. ಹೊಸ ಐಸಿ ಇನ್ನೂ ಬಂದಿರಲಿಲ್ಲ. ಅವನು ಬೋರ್ಡಿನ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಕೈ ಹಿಡಿದುಕೊಂಡು ಮಲಗಿದ್ದ. ಮೂರನೇ ದಿನ ಬೆಳಿಗ್ಗೆ ಹೋಗಿಬಿಟ್ಟ.

ಇನ್ನು ಆ ಮಧ್ಯಾಹ್ನದ ವಿಷಯ. ಅವನು ತೀರಿಕೊಂಡು ಮೂರು ವಾರವಾಗಿತ್ತು. ವೈನಿ ಫೋನು ಮಾಡಿದರು. "ಅಣ್ಣಾರ, ಹುಡುಗಿ ಹಟಾ ಹಿಡದಾಳ್ರಿ. ಅಪ್ಪನ ಮಿಷನ್ ಕೇಳಬೇಕಂತ. ನಾ ಇಷ್ಟ ದಿನಾ ಟವೆಲ್ ತಗ್ಯಾಕ ಬಿಟ್ಟಿಲ್ಲ. ನೀವ ಬಂದು ಚಾಲೂ ಮಾಡಿ ಕೊಡ್ರಿ" ಎಂದರು. ಭಾನುವಾರ ಹೋದೆ. ಅಂಗಿಯ ಜೇಬಿನಲ್ಲಿ ಹೊಸ ಐಸಿ, ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ. ಸುಡುಬಿಸಿಲು, ಓಣಿಯಲ್ಲಿ ಒಬ್ಬರೂ ಇರಲಿಲ್ಲ. ವೈನಿ ನೀರು ಕೊಟ್ಟು ಚಹಾಕ್ಕಿಡಲು ಒಳಗೆ ಹೋದರು. ನಾನು ಹೊರಗಿನ ಖೋಲಿಯಲ್ಲಿ ಚಾಪೆಯ ಮೇಲೆ ಕುಳಿತು, ಈ ಐಸಿ ಹಾಕುವುದನ್ನು ತಾಯಿ ಮಗಳಿಗೆ ಗೊತ್ತಾಗದಂತೆ ಮಾಡುವುದು ಹೇಗೆ ಎಂದು ಯೋಚಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಆಗ ನನಗೆ ದುಃಖಕ್ಕಿಂತ ಹೆಚ್ಚಾಗಿ ಕಳ್ಳನ ಅಂಜಿಕೆಯಿತ್ತು.

ಒಳಗಿನ ಖೋಲಿಯಿಂದ ಕೇಳಿಸಿತು.

"ಆಯೀ."

ದೊಡ್ಡದಾಗಿಯೇನೂ ಅಲ್ಲ. ಒಡೆದ ಧ್ವನಿಯಲ್ಲ, ರೋಗಕ್ಕಿಂತ ಮೊದಲಿನದು. ಕೆಳಗಿನಿಂದ ಎದ್ದ 'ಆ', ಮೇಲೆ ಹೋದ 'ಯೀ', ಕೊನೆಗೆ ಉಸಿರು ಎಳೆದುಕೊಂಡಂತೆ ಗಕ್ಕನೆ ನಿಂತದ್ದು. ವೈನಿ ಅಡುಗೆಮನೆಯ ಬಾಗಿಲಲ್ಲಿ ಇಕ್ಕಳ ಹಿಡಿದುಕೊಂಡು ನಿಂತಿದ್ದರು. ಒಳಗಿನಿಂದ ಹುಡುಗಿಯ ಉತ್ತರ ಬಂತು, ಏನೂ ವಿಶೇಷವಿಲ್ಲದ ಹಾಗೆ, ಆಟದ ನಡುವಿನಿಂದ ಬಂದ ಹಾಗೆ:

"ಬಂದೆ ಅಪ್ಪಾ."

ನಾನು ಎದ್ದು ಹೋದೆ. ಅವಳು ಅಪ್ಪನ ಸ್ಟೂಲಿನ ಮೇಲೆ ಕುಳಿತಿದ್ದಳು. ಕಾಯಲಾರದೆ ತಾನೇ ಟವೆಲು ತೆಗೆದು ಸ್ವಿಚ್ ಹಾಕಿದ್ದಳು. ಕೆಂಪು ದೀಪ ಉರಿಯುತ್ತಿತ್ತು. ನನ್ನೆದುರೇ ಇನ್ನೊಮ್ಮೆ ಗುಂಡಿ ಒತ್ತಿದಳು. "ಆಯೀ" ಎಂದಿತು. ಅವಳು "ಬಂದೆ" ಎಂದಳು. ಬೋರ್ಡಿನ ನಡುವೆ ಐಸಿ ಇರಬೇಕಾದ ಜಾಗ ಖಾಲಿ ಇತ್ತು. ಆ ಕಡೆ ಏಳು, ಈ ಕಡೆ ಏಳು ತೂತು. ಕಿತ್ತುಬಂದಿದ್ದ ಮೂರು ವಾಯರುಗಳ ತುದಿಗಳು ಎಲ್ಲೂ ತಾಗದೆ ಗಾಳಿಯಲ್ಲಿದ್ದವು. ಬಗ್ಗಿ ನೋಡಿದೆ. ಕಿಟಕಿಯ ಬಿಸಿಲು ಅದರ ಮೇಲೇ ಬಿದ್ದಿತ್ತು, ಕಣ್ಣು ಮಂಜಾಯಿತು ಎನ್ನುವಂತಿಲ್ಲ. ಮೂರನೇ ಸಲ ಅವಳು ಒತ್ತಿದಾಗ ಸ್ಪೀಕರಿನ ಮೇಲೆ ಕೈ ಇಟ್ಟಿದ್ದೆ. ಅದರ ಕಾಗದ ನಡುಗಿದ್ದು ಅಂಗೈಗೆ ತಿಳಿಯಿತು. ವೈನಿ ಹೊಸ್ತಿಲ ಮೇಲೆ ಕುಸಿದು, ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದರು.

ಸುಮ್ಮನೆ ಕೂಡಬೇಕಿತ್ತು. ಆ ಮಗು ಸಂಜೆಯವರೆಗೆ ಕರೆಸಿಕೊಳ್ಳಲಿ ಎಂದು ಬಿಡಬೇಕಿತ್ತು. ಆದರೆ ನಾನು ರಿಪೇರಿಯವನು. ಆ ಖಾಲಿ ಜಾಗ ನೋಡಿ ನನಗೆ ಹೆದರಿಕೆಯಾಯಿತು, ಅವಳ ಕಣ್ಣಿಗೆ ಬೀಳುವ ಮೊದಲು ಮುಚ್ಚಬೇಕೆನ್ನಿಸಿತು. ಹೀಗೆ ಅರ್ಧಮರ್ಧ ಇದ್ದರೆ ಈ ದನಿ ಯಾವಾಗ ಬೇಕಾದರೂ ನಿಂತುಹೋದೀತು, ಗಟ್ಟಿ ಮಾಡಿಕೊಡೋಣ ಎಂಬ ಆಸೆಯೂ ಇತ್ತು. "ತಡಿ ಗಂಗಾ, ಒಂದು ವಾಯರ್ ಲೂಜ್ ಆಗೇತಿ, ಸರಿ ಮಾಡಿ ಕೊಡ್ತೇನಿ" ಎಂದೆ. ಸ್ವಿಚ್ ಆರಿಸಿದೆ. ಜೇಬಿನಿಂದ ಐಸಿ ತೆಗೆದು ಸಿಕ್ಕಿಸಿದೆ. ಫೋಟೊ ನೋಡಿಕೊಂಡು ಮೂರೂ ವಾಯರು ಅವುಗಳ ಜಾಗಕ್ಕೆ ಹಾಕಿದೆ. ಮೀಟರು ಹಿಡಿದೆ, ಎಲ್ಲ ಕಡೆ ಕರೆಂಟು ಸರಿಯಾಗಿತ್ತು. ಸ್ವಿಚ್ ಹಾಕಿ ಅವಳಿಗೆ ಗುಂಡಿ ಕೊಟ್ಟೆ.

"ಬ್ಯಾ" ಎಂದಿತು.

ಅವಳು ನಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಅದೇ. ನನ್ನ ಮುಖ ನೋಡಿ, "ಇದಲ್ಲ ಕಾಕಾ" ಎಂದಳು.

ಕತ್ತಲಾಗುವವರೆಗೆ ಒದ್ದಾಡಿದೆ. ಐಸಿ ಮತ್ತೆ ಕಿತ್ತೆ. ಆಗ ಯಾವ ಸದ್ದೂ ಇಲ್ಲ. ಇರಬಾರದೂ ಹೌದು, ನಿಯಮದ ಪ್ರಕಾರ. ವಾಯರುಗಳನ್ನು ಮೊದಲಿದ್ದಂತೆಯೇ ಗಾಳಿಯಲ್ಲಿ ಬಿಟ್ಟು ನೋಡಿದೆ. ಏನೂ ಇಲ್ಲ. ಮರುದಿನ ಬ್ಯಾಡಗಿಯ ಆ ವ್ಯಾಪಾರಿಯ ಯಂತ್ರ ಬಿಚ್ಚಿ, ನಾನೇ ಕಿತ್ತು ತಂದಿದ್ದ ಐಸಿ ತೆಗೆದು, ಅವರಿಗೆ ಹೊಸದು ಹಾಕಿ, ಹಳೆಯದನ್ನು ಫಕ್ಕೀರಪ್ಪನ ಬೋರ್ಡಿಗೆ ತಂದು ಹಾಕಿದೆ. ಆಗಲೂ ಆಡು. ಆಮೇಲೆ ಎಷ್ಟು ಭಾನುವಾರ ಹೋಗಿರುವೆನೋ ಲೆಕ್ಕವಿಲ್ಲ. ಗಂಗಾ ಮೊದಮೊದಲು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಬರಬರುತ್ತ ಬರುವುದನ್ನು ಬಿಟ್ಟಳು.

ನೀವು ಕೇಳಬಹುದಾದದ್ದನ್ನೆಲ್ಲ ನಾನೇ ಕೇಳಿಕೊಂಡಿದ್ದೇನೆ. ಮೊಬೈಲಿನ ರೆಕಾರ್ಡಿಂಗ್ ಇರಬಹುದೇ? ಅವಳ ಹತ್ತಿರ ಮೊಬೈಲು ಇರಲಿಲ್ಲ. ವೈನಿಯದು ನನ್ನ ಪಕ್ಕದಲ್ಲೇ ಚಾರ್ಜಿಗಿತ್ತು. ಪಕ್ಕದ ವಾಯರಿನಿಂದ ಸದ್ದು ಹಾರಿ ಬಂದಿರಬಹುದೇ? ಬಂದರೂ ಗುಂಯ್ ಎಂದೀತು, ಹೆಸರು ಹಿಡಿದು ಕರೆಯುವುದಿಲ್ಲ. ಮೂವರಿಗೂ ಅವನ ದನಿ ಕೇಳುವ ಆಸೆಯಿತ್ತು, ಅದಕ್ಕೇ ಕೇಳಿಸಿತು ಎನ್ನುವವರಿದ್ದಾರೆ. ಇದ್ದೀತು. ಆದರೆ ಆಸೆ ಸ್ಪೀಕರಿನ ಕಾಗದವನ್ನು ನಡುಗಿಸುತ್ತದೆಯೇ? ಈ ಪ್ರಶ್ನೆಯನ್ನು ನನಗಿಂತ ಹೆಚ್ಚು ಓದಿದ ಒಬ್ಬಿಬ್ಬರಿಗೆ ಕೇಳಿದೆ. ಅವರು ನನ್ನನ್ನು, ನಾನು ಹಿಂದೆ ಹಮಾಲರನ್ನು ನೋಡುತ್ತಿದ್ದ ಹಾಗೆ ನೋಡಿದರು.

ಒಂದು ವರ್ಷದ ಮೇಲೆ ತಡೆಯಲಾರದೆ ವೈನಿಯ ಎದುರು ಎಲ್ಲ ಒಪ್ಪಿಕೊಂಡೆ, ಐಸಿ ಕಿತ್ತದ್ದು ನಾನೇ ಎಂದು. ಅವರು ಬೀಜ ಆರಿಸುವಾಗಿನ ಹಾಗೆ ಬೆರಳು ನೋಡಿಕೊಳ್ಳುತ್ತ ಕುಳಿತಿದ್ದರು.

"ಅವರಿಗೆ ಗೊತ್ತಿತ್ತು ಅಣ್ಣಾರ" ಎಂದರು. "ಮನೀಗೆ ಕರಕೊಂಡು ಬಂದ ದಿನಾ ಸಂಜೀಕ, ಎಬ್ಬಿಸಿ ಕುಂದ್ರಸು ಅಂತ ಕೈ ಮಾಡಿದ್ರು. ಟವೆಲ್ ತಗದು ನೋಡಿದ್ರು. ಭಾಳ ಹೊತ್ತು ನೋಡಿದ್ರು. ಆಮ್ಯಾಲ ಸ್ವಲ್ಪ ನಕ್ಕರು. ಸ್ಲೇಟಿನ ಮ್ಯಾಲ 'ತೂಕದವ ಬಂದಿದ್ದ' ಅಂತ ಬರದು ನನಗ ತೋರಿಸಿದ್ರು. ನನಗ ಆಗ ತಿಳೀಲಿಲ್ಲ."

"ಮತ್ತೇನರ ಮಾಡಿದ್ರೇನು ಬೋರ್ಡಿಗೆ?"

"ನನ್ನ ಹೊರಗ ಕಳಿಸಿದ್ರು. ಅರ್ಧಾ ತಾಸು ಒಬ್ಬರ ಇದ್ದರು. ಏನ ಮಾಡಿದ್ರೋ ನಾ ನೋಡಿಲ್ಲ."

ಇನ್ನೊಬ್ಬರು ಎಬ್ಬಿಸದೆ ಎದ್ದು ಕೂಡಲೂ ಆಗದ ಮನುಷ್ಯ. ಅವನ ಹತ್ತಿರ ಬೇರೆ ಐಸಿ ಇರಲಿಲ್ಲ. ಇದ್ದರೂ, ಆ ತೂತುಗಳು ಖಾಲಿ ಇದ್ದದ್ದನ್ನು ನಾನು ಹಗಲು ಬೆಳಕಿನಲ್ಲಿ ಕಂಡಿದ್ದೇನೆ. ಅವನು ಏನಾದರೂ ಮಾಡಿದ್ದನೋ, ಅಥವಾ ಸುಮ್ಮನೆ ಬೋರ್ಡಿನ ಮುಂದೆ ಕುಳಿತಿದ್ದನೋ ಗೊತ್ತಿಲ್ಲ. ಏನೇ ಇದ್ದರೂ ಅದನ್ನು 'ಸರಿ ಮಾಡಿ' ಅಳಿಸಿದವನು ನಾನು. ಎರಡು ಸಲ ಕೈ ಹಾಕಿದೆ, ಎರಡು ಸಲವೂ ಆ ಹುಡುಗಿಯ ಪಾಲಿನದನ್ನೇ ಕಿತ್ತೆ. ನಕ್ಕು ಬರೆದವನು ಕ್ಷಮಿಸಿದ್ದಾನೆ ಎಂದು ವೈನಿ ಹೇಳುತ್ತಾರೆ. ಇರಬಹುದು. ನನಗೆ ಸಮಾಧಾನವಿಲ್ಲ.

ಗಂಗಾ ಈಗ ಹೈಸ್ಕೂಲು. ಮೊನ್ನೆ ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡಳು. ಗೆಳತಿಯರ ಜೊತೆ, ಬೆನ್ನಿಗೆ ಚೀಲ, ಅಪ್ಪನ ಹಾಗೇ ಒಂದು ಕಡೆ ತಲೆ ವಾಲಿಸಿಕೊಂಡು ನಿಂತಿದ್ದಳು. ಯಾಕೆ ಹಾಗೆ ಮಾಡಿದೆನೋ ತಿಳಿಯದು. ಗದ್ದಲದಲ್ಲಿ ಹಿಂದಿನಿಂದ "ಆಯೀ" ಎಂದು ಕರೆದೆ. ಅವಳು ಚಕ್ಕನೆ ತಿರುಗಿದಳು. ನಾನು ನಾಲ್ಕು ಹೆಜ್ಜೆಯಲ್ಲಿ ನಿಂತಿದ್ದೆ, ಕೈಯನ್ನೂ ಎತ್ತಿದ್ದೆ. ಅವಳು ನನ್ನನ್ನು ನೋಡಲಿಲ್ಲ. ನನ್ನ ಹಿಂದೆ, ಬಸ್ಸಿನಿಂದ ಇಳಿಯುತ್ತಿದ್ದ ಜನರಲ್ಲಿ, ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಳು.